ಅಮ್ಮ ಹಾಡಲಿಲ್ಲ

ಬೆಳಿಗ್ಗೆಯಿಂದ ಅವಳು ಒಂದೇ ಮಾತನ್ನು ನಾಲಗೆಯ ಮೇಲೆ ಹೊರಳಿಸುತ್ತಿದ್ದಳು. ಇಲ್ಲ. ಮೇಣದ ಮೇಲೆ ಕಟ್ಟುಹಲ್ಲು ಕೂರಿಸುತ್ತ ಒಮ್ಮೆ, ಸ್ಪಿರಿಟ್ ದೀಪದಲ್ಲಿ ಚಾಕು ಕಾಯಿಸುತ್ತ ಒಮ್ಮೆ, ಹೊರಗಿನ ಕೋಣೆಯಲ್ಲಿ ಡಾಕ್ಟರು ಯಾರಿಗೋ ಬಾಯಿ ತೆರೆಯಿರಿ, ಇನ್ನೂ ತೆರೆಯಿರಿ ಎನ್ನುತ್ತಿದ್ದಾಗ ಒಮ್ಮೆ, ತುಟಿ ಅಲುಗದ ಹಾಗೆ ಹೇಳಿ ನೋಡಿದಳು. ಇಲ್ಲ, ಸಮಾಧಾನ ಇಲ್ಲ. ಅದೇನು ಕಷ್ಟದ ಮಾತಲ್ಲ. ಸಾಲ ಬೇಕೇ ಎಂದು ಫೋನು ಮಾಡುವ ಹುಡುಗಿಯರಿಗೆ ದಿನಾ ಹೇಳುತ್ತಾಳೆ, ಬಾಗಿಲಿಗೆ ಬಂದು ಪೊರಕೆ ಮಾರುವವನಿಗೆ ಹೇಳುತ್ತಾಳೆ, ಗಂಡನಿಗಂತೂ ಅವನು ಕೇಳುವ ಮೊದಲೇ ಹೇಳಿಬಿಡುತ್ತಾಳೆ. ಸಂಜೆ ಸಭೆಯಲ್ಲಿ ಎದ್ದು ನಿಂತು ಹೇಳಬೇಕೆಂದಾಗ ಮಾತ್ರ ಆ ಪುಟ್ಟ ಮಾತು ಅಳತೆ ತಪ್ಪಿದ ಕಟ್ಟುಹಲ್ಲಿನಂತೆ ಬಾಯಿ ತುಂಬ ಆಗಿ ಒಸಡಿಗೆ ಒತ್ತುತ್ತಿತ್ತು. ಡಾಕ್ಟರು ಒಳಗೆ ಇಣುಕಿ, ಹೊಲಿಗೆಯಮ್ಮನ ಹಲ್ಲು ಆಯಿತೇ, ಮಧ್ಯಾಹ್ನ ಅವರ ಮಗ ಬರುತ್ತಾನೆ ಎಂದರು. ಅವಳು ತಲೆ ಎತ್ತದೆ ಹೂಂ ಎಂದಳು. ಹೂಂ ಎನ್ನುವುದು ಎಷ್ಟು ಸಲೀಸು.

ವರ್ಷಕ್ಕೆ ಎರಡು ಸಲ ಅವರ ಕ್ರೈಸ್ತ ಸಭೆಯಲ್ಲಿ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ಮುರಿಯುತ್ತಾರೆ. ಬೇರೆ ಸಭೆಯವರು ವಾರವಾರವೂ ಮುರಿಯುತ್ತಾರಂತೆ, ಅವರ ಪಾಡು ಅವರಿಗೆ. ಇವರದು ಸಣ್ಣ ಸಭೆ, ಹಳೆಯ ಪಟ್ಟು. ಒಬ್ಬರ ಮನಸ್ಸಿನಲ್ಲಿ ಇನ್ನೊಬ್ಬರ ಮೇಲೆ ಮುನಿಸಿದ್ದರೆ ರೊಟ್ಟಿ ಯಾರಿಗೂ ಇಲ್ಲ. ಅದಕ್ಕೇ ಮೊದಲು ಕೇಳುವುದು. ಮೇಜಿನ ಮೇಲೆ ರೊಟ್ಟಿಯನ್ನೂ ದ್ರಾಕ್ಷಾರಸದ ಪಾತ್ರೆಯನ್ನೂ ಬಿಳಿ ಬಟ್ಟೆಯಡಿ ಮುಚ್ಚಿಟ್ಟು, ಸಭೆಯ ಹಿರಿಯರು ಬೆಂಚಿನ ಸಾಲು ಹಿಡಿದು ಬಂದು ಒಬ್ಬೊಬ್ಬರನ್ನೇ ಕೇಳುತ್ತಾರೆ: ನಿಮಗೆ ದೇವರೊಡನೆಯೂ ಎಲ್ಲರೊಡನೆಯೂ ಸಮಾಧಾನ ಇದೆಯೇ? ಎದ್ದು ನಿಂತು ಇದೆ ಎನ್ನಬೇಕು, ಕೂರಬೇಕು. ಒಬ್ಬರು ಇಲ್ಲ ಎಂದರೂ ರೊಟ್ಟಿ ಮುಚ್ಚಿದ್ದು ಮುಚ್ಚಿದಂತೆಯೇ ವಾಪಸು, ಮತ್ತೆ ಆರು ತಿಂಗಳು ಕಾಯಬೇಕು. ಹಾಗೆಂದು ಕೇಳುವುದನ್ನು ಅರ್ಧಕ್ಕೆ ಬಿಡುವಂತಿಲ್ಲ, ಕೊನೆಯವರವರೆಗೂ ಕೇಳಿಯೇ ಮುಗಿಸಬೇಕು. ಇಲ್ಲ ಎಂದವರನ್ನು ಅವಳು ಹುಟ್ಟಿದಾಗಿನಿಂದ ಕಂಡಿಲ್ಲ. ಮನೆಗಳ ಮಧ್ಯದ ಗೋಡೆಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ ಅಣ್ಣತಮ್ಮಂದಿರು ಒಂದೇ ಬೆಂಚಿನ ಎರಡು ತುದಿಯಲ್ಲಿ ಎದ್ದು ಇದೆ ಎಂದದ್ದನ್ನು ಕಂಡಿದ್ದಾಳೆ. ರೊಟ್ಟಿ ತಿಂದು, ಬಾಯಿ ಒರೆಸಿಕೊಂಡು, ಮೆಟ್ಟಿಲಿಳಿಯುವಷ್ಟರಲ್ಲಿ ಮತ್ತೆ ಮುಖ ತಿರುಗಿಸಿಕೊಂಡು ಹೋದದ್ದನ್ನೂ ಕಂಡಿದ್ದಾಳೆ. ಜಗಳ ಕಿವಿಗೆ ಬೀಳದಿದ್ದರೆ ಸರಿ, ಇವರಿಗೆ ಅದೇ ಸಮಾಧಾನ. ಅವಳೂ ಅಮ್ಮ ಸತ್ತ ಮೇಲೆ ಪ್ರತಿ ಸಲವೂ ಇದೆ ಎಂದವಳೇ, ರೊಟ್ಟಿ ತಿಂದವಳೇ.

ಮೇಣದ ಮೇಲಿನ ಸಾಲಿನಲ್ಲಿ ಒಂದು ಕೋರೆಹಲ್ಲನ್ನು ಚಾಕುವಿನ ತುದಿಯಿಂದ ಕೂದಲೆಳೆಯಷ್ಟು ತಿರುಗಿಸಿದಳು. ಡಾಕ್ಟರಿಗೆ ಎಲ್ಲವೂ ನೆಟ್ಟಗಿರಬೇಕು, ಬೆಳ್ಳಗಿರಬೇಕು. ಹಾಗೆ ಮಾಡಿದರೆ ಬಾಯಿ ತೆರೆದೊಡನೆ ಕಟ್ಟಿಸಿದ್ದು ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ಒಂದು ಹಲ್ಲು ತುಸು ಓರೆ, ಇನ್ನೊಂದು ತುಸು ಮಾಸಲು, ಆಗಷ್ಟೇ ಜನ ನಂಬುತ್ತಾರೆ. ಅಕ್ಕನ ಕಥೆಯಲ್ಲಿ ಅಂಥ ಒಂದು ಓರೆಯೂ ಇರಲಿಲ್ಲವಲ್ಲ, ಆದರೂ ಎಲ್ಲರೂ ಹೇಗೆ ನಂಬಿದರು? ಅಮ್ಮ ನನ್ನ ಕೈ ಹಿಡಿದುಕೊಂಡಿದ್ದಳು, ಬೆಳಕು ಮುಖದ ಮೇಲೆ ಬಿದ್ದಿತ್ತು, ಕೀರ್ತನೆಯ ಮೊದಲ ಸಾಲನ್ನು ಇಲ್ಲಿ ಹಾಡಿದಳು, ಎರಡನೆಯದನ್ನು ಅಲ್ಲಿ ಹೋಗಿ ಹಾಡಿದಳು. ಮಣ್ಣು ಮಾಡಿದ ದಿನ ಅಕ್ಕ ಹಾಗೆಂದಾಗ ಗಂಡಸರು ಕೂಡ ಕರವಸ್ತ್ರ ತೆಗೆದರು. ಮುಂದಿನ ತಿಂಗಳು ಅದು ಸಭೆಯಲ್ಲಿ ಎದ್ದು ಹೇಳುವ ವಿಶ್ವಾಸದ ಸಾಕ್ಷಿಯಾಯಿತು, ಆಮೇಲೆ ಹಿರಿಯರ ಪ್ರಸಂಗದಲ್ಲಿ ಉದಾಹರಣೆಯಾಯಿತು, ಈಗ ಬೇರೆ ಸಭೆಯವರೂ ಅಕ್ಕನನ್ನು ಕರೆಸಿ ಹೇಳಿಸುತ್ತಾರೆ. ಅಕ್ಕ ಮೊದಲೇ ಸಭೆಯಲ್ಲಿ ಹಾಡು ಎತ್ತಿಕೊಡುವವಳು, ದನಿ ಜೇನು. ಇವಳು ಹಲ್ಲಿನವಳು. ಒಬ್ಬಳು ಬಾಯಿಂದ ಹೊರಗೆ ಬರುವುದನ್ನು ನೋಡಿಕೊಳ್ಳುತ್ತಾಳೆ, ಇನ್ನೊಬ್ಬಳು ಒಳಗೆ ಕೂರುವುದನ್ನು, ಎಂದು ಗಂಡ ತಮಾಷೆ ಮಾಡುತ್ತಾನೆ.

ಅಮ್ಮ ಸಾಯುವಾಗ ಅಕ್ಕ ಅಲ್ಲಿರಲಿಲ್ಲ. ಅಷ್ಟೇ ನಿಜ, ಆದರೆ ಆ ನಿಜಕ್ಕೂ ಒಂದು ಬೆನ್ನು ಇದೆ, ಅದನ್ನು ನೋಡಿದರೆ ಇವಳಿಗೆ ನಾಚಿಕೆಯಾಗುತ್ತದೆ. ತಿಂಗಳುಗಟ್ಟಲೆ ಅಮ್ಮನ ಮೈ ಒರೆಸಿದವಳು, ಬೆನ್ನಿನ ಹುಣ್ಣಿಗೆ ಪುಡಿ ಹಾಕಿದವಳು, ಆಸ್ಪತ್ರೆಯ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿ ಕತ್ತು ಹಿಡಿಸಿಕೊಂಡವಳು ಅಕ್ಕ. ಇವಳು ಕೆಲಸ, ಮನೆ, ಬಸ್ಸು ಎಂದು ನೆಪ ಹೇಳುತ್ತ ಹಣ್ಣಿನ ಚೀಲ ಹಿಡಿದು ನೆಂಟರಂತೆ ಬಂದು ಹೋಗುತ್ತಿದ್ದಳು. ಆ ಮಧ್ಯಾಹ್ನ ಅಕ್ಕ, ಒಂದು ಗಳಿಗೆ ಕೂತಿರು, ತಲೆಗೆ ನೀರು ಹಾಕಿಕೊಂಡು ಬರುತ್ತೇನೆ ಎಂದು ಹೋದಳು. ಸೇವೆ ಮಾಡಿದವಳು ಅವಳು, ಸಾವು ಸಿಕ್ಕಿದ್ದು ಇವಳಿಗೆ. ಅಮ್ಮ ಇದ್ದಕ್ಕಿದ್ದಂತೆ ಅರ್ಧ ಎದ್ದು ಇವಳ ಎದೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹಾಸಿಗೆಯಲ್ಲಿ ಬತ್ತಿಹೋಗಿದ್ದ ಆ ಕೈಗೆ ಎಲ್ಲಿಂದ ಬಂತೋ ಬಲ, ಒಂದು ಗುಂಡಿ ಕಿತ್ತು ನೆಲಕ್ಕೆ ಬಿತ್ತು. "ನನಗೆ ಸಾಯೋಕೆ ಇಷ್ಟ ಇಲ್ಲ ಕಣೇ. ಏನಾದ್ರೂ ಮಾಡು." ಇವಳು ಏನು ಮಾಡಿದಳು? ಗಂಟೆ ಒತ್ತಿದಳು. ಮತ್ತೆ ಬಾಗಿಲ ಕಡೆ ನೋಡಿ, ಪಕ್ಕದ ಮಂಚದವರಿಗೆ ಕೇಳಿಸೀತೆಂಬ ಹೆದರಿಕೆಯಿಂದ, ಸುಮ್ಮನಿರಮ್ಮ, ಹಾಗೆಲ್ಲ ಅನ್ನಬಾರದು ಎಂದಳು. ಸಭೆಯ ಹೆಣ್ಣಲ್ಲವೇ, ಸಾಯುವವರ ಬಾಯಲ್ಲಿ ಯಾವ ಮಾತು ಇರಬೇಕೆಂದು ಇವಳಿಗೂ ಕಲಿಸಿದ್ದರು. ಅಮ್ಮ ಇವಳ ಮುಖವನ್ನೇ ನೋಡಿದಳು, ಎಲ್ಲೋ ಕಂಡಿದ್ದೇನೆ, ಯಾರೆಂದು ನೆನಪಾಗುತ್ತಿಲ್ಲ ಎಂಬ ಹಾಗೆ. ನರ್ಸು ಬರುವಷ್ಟರಲ್ಲಿ ಮುಷ್ಟಿ ಸಡಿಲವಾಗಿತ್ತು. ಅಕ್ಕ ಹಸಿ ಕೂದಲಲ್ಲಿ ಓಡಿ ಬಂದಳು, ನೀರು ತೊಟ್ಟಿಕ್ಕಿ ಅಮ್ಮನ ಹೊದಿಕೆ ಒದ್ದೆಯಾಯಿತು. ಆಗ ಅವಳು ಏನನ್ನೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಮಣ್ಣು ಮಾಡುವಾಗ ಸಮಾಧಿಯ ಬಳಿ ನಿಂತು ಹಾಡಿನ ಕಥೆ ಹೇಳಿದಳು. ಇವಳು ಸುಮ್ಮನಿದ್ದಳು. ಕೂಲಿ ಮಾಡಿದವಳಿಗೆ ಸಂಬಳ ಕೊಟ್ಟಂತೆ ಆ ಸಾವನ್ನು ಅಕ್ಕನಿಗೆ ಬಿಟ್ಟುಕೊಟ್ಟೆ ಎಂದುಕೊಂಡಳು. ದೊಡ್ಡ ಮನಸ್ಸು ಮಾಡಿದವಳ ಹಾಗೆ ಒಳಗೊಳಗೇ ಬೀಗಿದಳು ಕೂಡ, ಥೂ.

ಸುಮ್ಮನಿದ್ದೇ ಕಳೆಯುತ್ತಿತ್ತೇನೋ. ಹೊಲಿಗೆಯಮ್ಮ ಹಲ್ಲಿನ ಅಳತೆಗೆ ಬಂದದ್ದೇ ತಪ್ಪಾಯಿತು. ಸಭೆಯ ಅರ್ಧ ಹೆಂಗಸರ ಬಟ್ಟೆ ಹೊಲಿದ ಮುದುಕಿ, ಈಗ ಹೊಟ್ಟೆಯೊಳಗಿನ ಗಡ್ಡೆಗೆ ಔಷಧಿಯಿಲ್ಲವೆಂದು ಮನೆಗೆ ಕಳಿಸಿದ್ದಾರೆ. ಮೈ ಇಳಿದು ಒಸಡೂ ಇಳಿದು ಹಳೆಯ ಕಟ್ಟುಹಲ್ಲು ಬಾಯಲ್ಲಿ ಕಟಕಟ ಎನ್ನುತ್ತಿತ್ತು. ಇನ್ನೆಷ್ಟು ದಿನಕ್ಕೆ ಹೊಸ ಹಲ್ಲು ಎಂದು ಮಗ ಗೊಣಗಿದನಂತೆ. ರೊಟ್ಟಿಯನ್ನಾದರೂ ನೆಟ್ಟಗೆ ಅಗಿಯಬೇಕು ಎಂದು ಹಟ ಮಾಡಿ ಬಂದಿದ್ದರು. ಅಗಿಯಲು ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ, ನೀನಾದರೂ ಎರಡನ್ನೂ ಜೊತೆ ಮಾಡು ಎಂದು ನಗಿಸಿದರು. ಮೇಣದ ಅಚ್ಚನ್ನು ಬಾಯಿಂದ ತೆಗೆದಾಗ ತುಟಿ ಒರೆಸಿಕೊಂಡು, ಹೊರಗಿನ ಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ನಿಮ್ಮಮ್ಮ ಹಾಡ್ತಾ ಹೋದರಂತಲ್ಲ. ನನಗೆ ಬರೀ ಹೆದರಿಕೆ, ಮಗಳೇ. ಎದೆ ಡವಡವ ಅನ್ನುತ್ತೆ, ಹಾಡು ಬಾಯಿಗೇ ಬರಲ್ಲ. ನನ್ನ ವಿಶ್ವಾಸ ಎಲ್ಲೋ ಟೊಳ್ಳು ಅನ್ಸುತ್ತೆ." ಅವಳು ಅಚ್ಚನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ತಿರುಗಿ ನೋಡುವಷ್ಟು ಧೈರ್ಯ ಬಂದಾಗ ಮುದುಕಿ ಎದ್ದು ಹೋಗಿದ್ದರು. ಯಾರಿಗೂ ಕೇಡಿಲ್ಲದ ಸುಳ್ಳು ಎಂದುಕೊಂಡಿದ್ದದ್ದು ಒಬ್ಬಳು ಸಾಯುವವಳ ಎದೆಯ ಮೇಲೆ ಹೋಗಿ ಕೂತಿತ್ತು.

ಅವಳೇನು ಏಕಾಏಕಿ ಸಭೆಯಲ್ಲಿ ಏಳಲು ಹೊರಟವಳಲ್ಲ. ಸಹೋದರನ ಮೇಲೆ ದೂರಿದ್ದರೆ ಮೊದಲು ಒಬ್ಬನೇ ಹೋಗಿ ಅವನೊಡನೆ ಮಾತಾಡು, ಕೇಳದಿದ್ದರೆ ಇನ್ನೊಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು ಎಂದು ಬೈಬಲಿನ ವಾಕ್ಯದಲ್ಲೇ ಇದೆ, ಎಲ್ಲರಿಗೂ ಬಾಯಿಪಾಠ. ಯಾರೂ ಮಾಡಿದ್ದಿಲ್ಲ. ಇವಳು ಮಾಡಿದಳು. ಮೊದಲು ಅಕ್ಕನ ಮನೆಗೆ ಹೋದಳು. ಒಗೆದ ಬಟ್ಟೆ ಮಡಿಸುತ್ತಿದ್ದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, ಮಡಿಸಿದ ಟವೆಲನ್ನೇ ಬಿಡಿಸಿ ಮತ್ತೆ ಮಡಿಸಿದಳು. ಆ ಕಥೆ ಕೇಳಿ ಎಷ್ಟು ಜನ ಧೈರ್ಯ ತಂದುಕೊಂಡಿದ್ದಾರೆ, ಗೊತ್ತೇ ಎಂದಳು. ಒಬ್ಬರು ಹೆದರಿದ್ದಾರೆ ಎಂದಳು ಇವಳು. ಅದಕ್ಕೆ ಅಕ್ಕ, ದನಿ ಏರಿಸದೆಯೇ, "ನೀನು ಒಂದು ಮಧ್ಯಾಹ್ನ ಬಂದವಳು. ಒಂದೇ ಒಂದು ಮಧ್ಯಾಹ್ನ" ಎಂದಳು. ಇವಳು ಚಪ್ಪಲಿ ಮೆಟ್ಟಿ ಹೊರಟುಬಂದಳು. ಮಾರನೆಯ ದಿನ ಸಭೆಯ ಹಿರಿಯರನ್ನೇ ಕರೆದುಕೊಂಡು ಹೋದಳು. ಅವರನ್ನು ಹಿಂದಿನಿಂದ ಎಲ್ಲರೂ ನಿಧಾನಪ್ಪ ಎನ್ನುತ್ತಾರೆ, ಒಂದು ವಾಕ್ಯ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿಹೋಗುತ್ತದೆ. ಅಕ್ಕ ಕಾಫಿ ಕೊಟ್ಟಳು, ಇವಳು ಹಾಡಿನ ವಿಷಯ ಹೇಳಿದಾಗ ಕೇಳಿಸದವಳಂತೆ ಮಾತು ತಿರುಗಿಸಿದಳು. ಹೊರಗೆ ಬಂದ ಮೇಲೆ ನಿಧಾನಪ್ಪನವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, ಸತ್ಯ ಹೇಳಬೇಕಾದ್ದೇ, ಆದರೆ ಪ್ರೀತಿಯಿಂದ ಹೇಳಬೇಕು, ಪ್ರೀತಿ ಎಂದರೆ ಕೆಲವು ಸಲ ಹೇಳದಿರುವುದೂ ಹೌದು ಎಂದರು. ಆಮೇಲೆ ಗೇಟಿನ ಚಿಲಕ ಹಾಕುತ್ತ, ಅವಳ ಕಡೆ ನೋಡದೆ, "ಹೊಲಿಗೆಯಮ್ಮನಿಗೆ ಇದೇ ಕೊನೇ ರೊಟ್ಟಿ ಇರಬಹುದು. ನಿನ್ನ ಒಂದು ಮಾತಿನಿಂದ ಅದೂ ತಪ್ಪುತ್ತೆ. ಯೋಚನೆ ಮಾಡಮ್ಮ" ಎಂದರು. ನಿಧಾನವಾಗಿ ಹೇಳಿದರೂ ಚಾಕು ಇಳಿಯಬೇಕಾದಲ್ಲಿಗೇ ಇಳಿಯಿತು.

ಮಧ್ಯಾಹ್ನ ಮಗ ಬಂದು ಹಲ್ಲಿನ ಡಬ್ಬಿ ತೆಗೆದುಕೊಂಡು ಹೋದ. ಅವಳು ಮೇಜು ಒರೆಸಿ, ದೀಪ ಆರಿಸಿ, ಉಗುರಿನ ಸಂದಿನ ಪ್ಲಾಸ್ಟರ್ ಕೆರೆದುಕೊಂಡು ಮನೆಗೆ ಬಂದಾಗ ಗಂಡ ವ್ಯಾನು ತೊಳೆಯುತ್ತಿದ್ದ. ಅಂಗಡಿ ಅಂಗಡಿಗೆ ಪೆಟ್ಟಿಗೆ ಇಳಿಸುವ ಕೆಲಸ ಅವನದು, ಯಾರೊಡನೆಯೂ ಎರಡನೆಯ ಮಾತಿಲ್ಲ, ಅದಕ್ಕೇ ಎಲ್ಲರಿಗೂ ಬೇಕಾದವನು. ಮುದುಕಿಯ ಕಿವಿಯಲ್ಲಿ ಗುಟ್ಟಾಗಿ ಹೇಳಿಬಿಡು, ಅವಳಿಗೆ ನೆಮ್ಮದಿ, ಊರಿಗೆ ರೊಟ್ಟಿ, ನಿಮ್ಮಕ್ಕನಿಗೆ ಮರ್ಯಾದೆ, ಮೂರೂ ಉಳಿಯಿತಲ್ಲ ಎಂದು ಅವನು ಎರಡು ದಿನದಿಂದ ಹೇಳುತ್ತಿದ್ದ. ಕೇಳಲು ಚೆನ್ನಾಗಿಯೇ ಇತ್ತು. ಆದರೆ ಕಿವಿಯಲ್ಲಿ ಹೇಳಿದ್ದನ್ನು ಮುದುಕಿ ನಂಬುತ್ತಾರೆಯೇ? ಪಾಪ, ನನ್ನ ಸಮಾಧಾನಕ್ಕೆ ಹೇಳಿದಳು ಎಂದುಕೊಳ್ಳುತ್ತಾರೆ. ಬಾಗಿಲ ಹಿಂದೆ ಹೇಳಿದರೆ ಅದು ಅಕ್ಕನ ಮೇಲಿನ ಚಾಡಿ, ಎದುರಿಗೆ ಹೇಳಿದರೆ ಮಾತು. ಅದೂ ಅಲ್ಲದೆ ಅಮ್ಮ ಆ ಮಾತನ್ನು ಪಿಸುಗುಟ್ಟಿರಲಿಲ್ಲ. ಗುಂಡಿ ಕಿತ್ತುಬರುವ ಹಾಗೆ ಹಿಡಿದು ಜೋರಾಗಿ ಹೇಳಿದ್ದಳು. ಇಡೀ ಆಯುಷ್ಯದಲ್ಲಿ ಅಮ್ಮ ತನಗಾಗಿ ಕೇಳಿಕೊಂಡದ್ದು ಅದೊಂದೇ ಇರಬೇಕು, ಅದನ್ನೂ ಕಿತ್ತುಕೊಂಡು ಅವಳ ಬಾಯಿಗೆ ಹಾಡು ತುರುಕಿದ್ದರು. ಸೀರೆ ಉಡುತ್ತ ಅವಳಿಗೆ ಸಿಟ್ಟು ಬಂತು, ಅಕ್ಕನ ಮೇಲಲ್ಲ, ಆ ಹಾಡಿನ ಮೇಲೆ. ಗಂಡ ಬಾಗಿಲಲ್ಲಿ ನಿಂತು ಇಳಿದನಿಯಲ್ಲಿ, ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಗೊತ್ತಲ್ಲ ಎಂದ. ಒದೆಯಲಿ, ಎದೆ ಇದೆ ಎಂದಳು ಅವಳು.

ಟೈರಿನ ಅಂಗಡಿಯ ಮೇಲಿನ ಮಹಡಿಯಲ್ಲಿ ಸಭೆ ಸೇರುವ ಹಾಲ್. ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ, ಈ ಬಗ್ಗೆ ಮಾತ್ರ ಸಭೆಯಲ್ಲಿ ಬಹಿರಂಗವಾಗಿ ಜಗಳವಾಗುತ್ತದೆ. ಹೊಲಿಗೆಯಮ್ಮನನ್ನು ಮಗ ಎತ್ತಿಕೊಂಡೇ ಮೆಟ್ಟಿಲು ಹತ್ತಿಸಿ ಬಾಗಿಲ ಬಳಿ, ಎಲ್ಲರಿಗಿಂತ ಹಿಂದೆ, ಕೈಯಿರುವ ಕುರ್ಚಿಯಲ್ಲಿ ಕೂರಿಸಿದ. ಅವರು ಅವಳನ್ನು ಕಂಡು ಹೊಸ ಹಲ್ಲು ತೋರಿಸಿ ನಕ್ಕರು. ಅವಳಿಗೆ ತಾನು ಮಾಡಲು ಹೊರಟಿರುವುದು ಧರ್ಮವೋ ದ್ರೋಹವೋ ಆ ಕ್ಷಣದಲ್ಲಿ ತಿಳಿಯಲಿಲ್ಲ. ಅಗಿಯಲು ಹಲ್ಲು ಕೊಟ್ಟವಳೇ ರೊಟ್ಟಿ ಕಿತ್ತುಕೊಳ್ಳಬೇಕು. ಅಕ್ಕ ಮುಂದಿನ ಬೆಂಚಿನಲ್ಲಿ, ಇವಳು ಅದರ ಹಿಂದಿನದರಲ್ಲಿ. ಅಕ್ಕನ ಕತ್ತಿನ ಹಿಂದೆ ಕೂದಲು ನರೆತದ್ದು ಕಾಣುತ್ತಿತ್ತು. ಕೇಳುವುದು ಗಂಡಸರಿಂದ ಶುರುವಾಯಿತು. ಇದೆ. ಇದೆ. ಇದೆ. ಗೋಡೆಯ ವ್ಯಾಜ್ಯದ ಅಣ್ಣ, ಇದೆ. ಗೋಡೆಯ ತಮ್ಮ, ಇದೆ. ಗಂಡ ಎದ್ದ, ಒಂದು ಸಲ ಇವಳ ಕಡೆ ನೋಡಿದ, ಇದೆ ಎಂದು ಅದೇನೋ ಕಳೆದುಕೊಂಡವನಂತೆ ಕೂತ. ನಿಧಾನಪ್ಪನವರು ಹೆಂಗಸರ ಕಡೆ ಬಂದರು. ಅಕ್ಕ ಎದ್ದು ಇದೆ ಎಂದಳು, ಆ ಒಂದು ಮಾತೂ ಅವಳ ಬಾಯಲ್ಲಿ ಇಂಪಾಗಿತ್ತು.

ಇವಳು ಎದ್ದಳು. ಮೊಣಕಾಲು ಬೆಂಚಿಗೆ ತಾಗಿ ಸದ್ದಾಯಿತು. ನಿಧಾನಪ್ಪನವರು ಪ್ರಶ್ನೆಯನ್ನು ಎಂದಿಗಿಂತ ನಿಧಾನವಾಗಿ ಕೇಳಿದರು, ಒಂದೊಂದು ಪದದ ನಡುವೆಯೂ ಅವಳಿಗೆ ತಪ್ಪಿಸಿಕೊಳ್ಳಲು ಒಂದೊಂದು ಬಾಗಿಲು ತೆರೆದಿಟ್ಟು.

"ಇಲ್ಲ" ಎಂದಳು.

ಕಡ್ಡಿ ಮುರಿದಂತೆ ಬಂತು. ಯಾರೋ ಕೆಮ್ಮುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ನಿಧಾನಪ್ಪನವರು ಕಿವಿ ಸರಿಯಿಲ್ಲದವರಂತೆ ಮುಂದೆ ಬಾಗಿ ಮತ್ತೊಮ್ಮೆ ಕೇಳುತ್ತೇನೆ ಎಂದರು.

"ಎಷ್ಟು ಸಲ ಕೇಳಿದ್ರೂ ಅಷ್ಟೇ, ಹಿರಿಯರೇ. ನನಗೆ ಅಕ್ಕನ ಜೊತೆ ಸಮಾಧಾನ ಇಲ್ಲ. ಒಬ್ಬಳೇ ಹೋಗಿ ಹೇಳಿದೆ, ನಿಮ್ಮನ್ನ ಕರ್ಕೊಂಡು ಹೋಗಿ ಹೇಳಿದೆ, ಈಗ ಸಭೆಗೆ ಹೇಳ್ತಿದೀನಿ. ನಮ್ಮಮ್ಮ ಹಾಡಲಿಲ್ಲ. ಸಾಯುವಾಗ ಹತ್ತಿರ ಇದ್ದವಳು ನಾನು. ‘ನನಗೆ ಸಾಯೋಕೆ ಇಷ್ಟ ಇಲ್ಲ, ಏನಾದ್ರೂ ಮಾಡು’ ಅಂದಳು. ಹಾಗೆಲ್ಲ ಅನ್ನಬಾರದು ಅಂತ ಮೊದಲು ಅವಳ ಬಾಯಿ ಮುಚ್ಚಿಸಿದವಳೂ ನಾನೇ. ಆಮೇಲೆ ಎಲ್ಲರೂ ಸೇರಿ ಮುಚ್ಚಿಸಿದ್ವಿ. ಇನ್ನು ನನ್ನ ಕೈಲಿ ಆಗಲ್ಲ."

ಬೆಂಚುಗಳಲ್ಲಿ ಗುಸುಗುಸು ಎದ್ದಿತು. ನಾಚಿಕೆ ಇಲ್ಲವೇ, ಸತ್ತವಳನ್ನು ಬೀದಿಗೆ ಎಳೆಯುತ್ತಾಳಲ್ಲ ಎಂದರು ಯಾರೋ. ಇವಳು ಕೂರಲಿಲ್ಲ. ಎಷ್ಟೋ ದಿನದ ಮೇಲೆ ತನ್ನ ಬಾಯಿ ತನ್ನದು ಎನಿಸುತ್ತಿತ್ತು. ಅಕ್ಕ ತಿರುಗಿದಳು. ಬೈಯುತ್ತಾಳೆ ಎಂದುಕೊಂಡು ಇವಳು ಅದಕ್ಕೂ ಸಿದ್ಧವಾದಳು, ಒಂದು ಮಧ್ಯಾಹ್ನ ಎನ್ನಲಿ, ಹೌದು ಎನ್ನುತ್ತೇನೆ. ಅಕ್ಕನ ಮುಖ ಮಾತ್ರ ಹಸಿ ಕೂದಲಲ್ಲಿ ಓಡಿ ಬಂದ ದಿನದ ಮುಖವಾಗಿತ್ತು.

"ಅಮ್ಮ ನನ್ನನ್ನ ಕೇಳಿದಳಾ?"

ಅಂದು ಕೇಳದಿದ್ದದ್ದನ್ನು ಈಗ ಕೇಳಿದ್ದಳು, ಐವತ್ತು ಜನರ ಎದುರು. ಇವಳ ಗಂಟಲಿನವರೆಗೂ ಹೌದು ಬಂತು. ಹೌದು ಅಕ್ಕ, ಎಲ್ಲಿ ಅವಳು, ಇನ್ನೂ ಬರಲಿಲ್ಲವೇ ಎಂದು ಅಮ್ಮ ಕೇಳಿದಳು ಎನ್ನಬಹುದಿತ್ತು. ಎಷ್ಟು ಸುಲಭ, ಎಷ್ಟು ಮುದ್ದಾದ ಸುಳ್ಳು. ಹೇಳಿಬಿಟ್ಟರೆ ಅಕ್ಕ ಇಲ್ಲೇ ಅತ್ತು ಕರಗುತ್ತಾಳೆ, ಇಬ್ಬರೂ ತಬ್ಬಿಕೊಳ್ಳುತ್ತಾರೆ, ರೊಟ್ಟಿಯ ಮೇಲಿನ ಬಟ್ಟೆ ಸರಿಯುತ್ತದೆ, ಮುದುಕಿಗೂ ರೊಟ್ಟಿ ಸಿಗುತ್ತದೆ. ತಿಂಗಳುಗಟ್ಟಲೆ ದುಡಿದವಳಿಗೆ ಅಷ್ಟಾದರೂ ಸಲ್ಲಬೇಡವೇ? ಅಕ್ಕನೂ ಮೊದಲ ದಿನ ಹೀಗೆಯೇ ಶುರುಮಾಡಿರಬೇಕು, ಕೇಡಿಗಲ್ಲ, ಖಾಲಿ ಜಾಗವನ್ನು ನೋಡಲಾರದೆ. ಅವಳ ಮೇಲೆ ಇವಳಿಗೆ ಒಮ್ಮೆಲೇ ಪ್ರೀತಿ ಉಕ್ಕಿತು, ನೋವಾಗುವಷ್ಟು.

"ಇಲ್ಲಕ್ಕ. ನಿನ್ನನ್ನೂ ಕೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ನನ್ನ ಗುರುತೂ ಸಿಗಲಿಲ್ಲ ಅವಳಿಗೆ."

ಅಕ್ಕ ಬೆಂಚಿನ ಬೆನ್ನನ್ನು ಹಿಡಿದುಕೊಂಡಳು. ಆಗ ಬಾಗಿಲ ಕಡೆಯಿಂದ, ಹೊಸ ಹಲ್ಲಿಗೆ ಇನ್ನೂ ಒಗ್ಗದ ನಾಲಗೆಯಲ್ಲಿ, ಹೊಲಿಗೆಯಮ್ಮನ ದನಿ ಬಂತು. "ಹೆದರಿದ್ದರಾ ಅವರು?" ಇವಳು ಉತ್ತರ ಕೊಡಲು ಬಾಯಿ ತೆರೆದಳು, ಆದರೆ ಕೊಟ್ಟವಳು ಅಕ್ಕ. ಯಾವ ಇಂಪೂ ಇಲ್ಲದ ದನಿಯಲ್ಲಿ ಕೊಟ್ಟಳು.

"ಹೆದರ್ತಿದ್ದಳು. ಅಷ್ಟೂ ತಿಂಗಳು ಹೆದರ್ತಿದ್ದಳು. ದೀಪ ಆರಿಸೋಕೆ ಬಿಡ್ತಿರಲಿಲ್ಲ, ನನ್ನ ಸೆರಗು ಬಿಡ್ತಿರಲಿಲ್ಲ. ನಾನು ಹಾಡು ಅಂದ್ರೆ ‘ನೀನೇ ಹಾಡಿಕೋ’ ಅಂತ ಬೈತಿದ್ದಳು." ಇವಳಿಗೆ ಗೊತ್ತಿಲ್ಲದ ಅಮ್ಮ ಅದು, ಆ ಅಮ್ಮನನ್ನು ಅಕ್ಕ ಒಬ್ಬಳೇ ಇಷ್ಟು ದಿನ ಹೊತ್ತುಕೊಂಡಿದ್ದಳು. ಅಕ್ಕ ನಿಧಾನಪ್ಪನವರ ಕಡೆ ತಿರುಗಿದಳು. "ಹಿರಿಯರೇ, ನಾನು ಆಗಲೇ ಹೇಳಿದ್ದನ್ನ ತೆಗೆದುಹಾಕಿ. ನನಗೂ ಸಮಾಧಾನ ಇಲ್ಲ."

ಅಕ್ಕ ಕೂರಲಿಲ್ಲ, ಇವಳೂ ಕೂರಲಿಲ್ಲ. ಒಬ್ಬರನ್ನೊಬ್ಬರು ನೋಡಲಿಲ್ಲ ಕೂಡ, ಒಂದೇ ದಿಕ್ಕಿಗೆ ಮುಖ ಮಾಡಿ ಬಸ್ಸಿಗೆ ಕಾಯುವವರಂತೆ ನಿಂತರು. ನಿಧಾನಪ್ಪನವರು ಮೇಜಿನ ಕಡೆ ಒಮ್ಮೆ ನೋಡಿ, ಏನು ಮಾಡಲೂ ತೋಚದೆ, ಪದ್ಧತಿಯನ್ನೇ ಹಿಡಿದುಕೊಂಡು ಮುಂದಿನವರಿಗೆ ಹೋದರು. ಇದೆ ಎನ್ನುವ ದನಿಗಳು ಈಗ ಸಣ್ಣಗಾಗಿದ್ದವು. ಒಬ್ಬ ಹೆಂಗಸು ಅರ್ಧ ಎದ್ದವಳು ಹಾಗೆಯೇ ಕೂತಳು. ಗಂಡಸರ ಕಡೆ ಗೋಡೆಯ ತಮ್ಮ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದ. ಕೊನೆಗೆ ಹಿರಿಯರು ಬಾಗಿಲ ಬಳಿಯ ಕುರ್ಚಿಗೆ ಬಂದರು. ನೀವು ಏಳಬೇಕಾಗಿಲ್ಲಮ್ಮ ಎಂದರು, ರೊಟ್ಟಿ ತಪ್ಪಿಸಿದ್ದಕ್ಕೆ ತಾವೇ ತಪ್ಪಿತಸ್ಥರೆಂಬಂತೆ. ಹೊಲಿಗೆಯಮ್ಮ ಮಗನ ಕೈಯನ್ನು ಸರಿಸಿ, ಕುರ್ಚಿಯ ಎರಡೂ ಕೈ ಊರಿ, ಇಷ್ಟಿಷ್ಟೇ ಎದ್ದು ನೆಟ್ಟಗೆ ನಿಂತರು.

"ಇದೆ" ಎಂದರು. "ನಾನೂ ಹೆದರ್ಕೊಂಡೇ ಹೋಗ್ತೀನಿ, ಬಿಡಿ."